ಹಗ್ಗ ಕಟ್ಟಿಕೊಂಡು ಗುಡ್ಡದಲ್ಲಿ ಮರ ಕಡಿಯುವ ಯಂತ್ರ: ರೋಪ್ ಹರಿದರೆ ಏನು ಗತಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ನನ್ನ ಅಳಿಯನಿಗೆ ನಾನೂ ಒಮ್ಮೆ ಇದನ್ನೇ ಕೇಳಿದ್ದೆ. ನೀವು ಸಂಡೂರಿನ ಗಣಿಯಲ್ಲಿ ಎಕ್ಸ್‌ಕವೇಟರ್ ಓಡಿಸುವವರು. ನ್ಯೂಜಿಲೆಂಡ್‌ನಲ್ಲಿ ವಿಂಚ್ ಅಸಿಸ್ಟ್, ಅಂದರೆ ವಿಂಚಿನ (ಉಕ್ಕಿನ ರೋಪ್ ಸುತ್ತುವ ಡ್ರಮ್ಮಿನ) ಸಹಾಯದಿಂದ ಗುಡ್ಡದಲ್ಲಿ ಮರ ಕಡಿಯುವ ಯಂತ್ರದ ಕೆಲಸ ಇದೆ ಎಂದು ಯಾರೋ ಹೇಳಿದ್ದಾರೆ. 30 ಟನ್ ಯಂತ್ರ ಬರೀ ಒಂದು ರೋಪಿಗೆ ಕಟ್ಟಿಕೊಂಡು ಕಡಿದಾದ ಗುಡ್ಡ ಇಳಿಯುವ ವಿಡಿಯೋ ನೋಡಿ ನಿಮಗೆ ಎದೆ ಧಸಕ್ಕೆಂದಿದೆ. ರೋಪ್ ಹರಿದರೆ ಏನು ಗತಿ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ.

ನಾನು ರಾಯಚೂರು ಜಿಲ್ಲೆಯವನು. ಹಟ್ಟಿ ಚಿನ್ನದ ಗಣಿಯಲ್ಲಿ ವೈಂಡರ್ ರೋಪ್, ಅಂದರೆ ಶಾಫ್ಟಿನಲ್ಲಿ (ಗಣಿಯ ಬಾವಿಯಲ್ಲಿ) ಜನರನ್ನು ಇಳಿಸಿ ಹತ್ತಿಸುವ ಯಂತ್ರದ ರೋಪ್ ನೋಡಿಕೊಳ್ಳುವ ಕೆಲಸದಲ್ಲಿ 22 ವರ್ಷ ಕಳೆದೆ. ಮರ ಕಡಿಯುವ ವಿಷಯ ನನಗೆ ಗೊತ್ತಿಲ್ಲ. ರೋಪ್ ಗೊತ್ತು. ಅಳಿಯ ನ್ಯೂಜಿಲೆಂಡ್‌ನಲ್ಲಿ ದೊಡ್ಡ ಯಂತ್ರಗಳ ಮೆಕ್ಯಾನಿಕ್. ಮೂರು ತಿಂಗಳು ಅವನ ಮನೆಯಲ್ಲಿದ್ದಾಗ ಒಂದು ದಿನ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿದ್ದ. ಹೆಲ್ಮೆಟ್ ಹಾಕಿಸಿ, ದೂರದಲ್ಲೇ ನಿಲ್ಲಿಸಿ ತೋರಿಸಿದ.

ಮೊದಲ ಹತ್ತು ನಿಮಿಷ ನನಗೂ ಸಿಟ್ಟು ಬಂತು. ಮನುಷ್ಯರನ್ನು ಇಳಿಸುವ ನಮ್ಮ ರೋಪಿಗೆ ಹೊರುವ ಭಾರದ 10 ಪಟ್ಟು ಬಲ ಇರಲೇಬೇಕು. ಇವರೋ, ರೋಪ್ ಹರಿಯುವ ಬಲದ ಮೂರನೇ ಒಂದು ಭಾಗದವರೆಗೂ ಜಗ್ಗಿಸುತ್ತಾರೆ. ಅಂದರೆ ಬರೀ 3 ಪಟ್ಟು. ಇದೇನು ಹುಡುಗಾಟ ಅಂದೆ. ಅಳಿಯ ಹೇಳಿದ: "ಮಾವ, ಅದು ನೇತಾಡ್ತಿಲ್ಲ. ನಿಂತಿದೆ."

ಇಡೀ ವಿಷಯ ಇರುವುದು ಇಲ್ಲೇ. ಜನ ಕೂಡುವ ನಮ್ಮ ಕೇಜ್ (ಪಂಜರ) ರೋಪಿಗೆ ನೇತಾಡುತ್ತದೆ, ಕೆಳಗೆ ಏನೂ ಇಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನ್ ಕಿತ್ತು ಕೊಚ್ಚಿಹೋಯಿತಲ್ಲ, ಅದೂ ಹಾಗೆಯೇ: ಚೈನ್ ಹೋದರೆ ಗೇಟು ಹೋಯಿತು. ವಿಂಚ್ ಅಸಿಸ್ಟ್ ಬೇರೆ. ಅಂಜನಾದ್ರಿಯ 575 ಮೆಟ್ಟಿಲು ಇಳಿಯುವ ಅಜ್ಜಿಯನ್ನು ನೆನಪು ಮಾಡಿಕೊಳ್ಳಿ. ಕೈಯಲ್ಲಿ ಕಂಬಿ ಇದೆ, ಆದರೆ ಮೈಭಾರ ಇರುವುದು ಕಾಲಿನ ಮೇಲೆ. ಕಂಬಿ ಬಿಟ್ಟರೆ ಅಜ್ಜಿ ಉರುಳಬಾರದು, ನಿಲ್ಲಬೇಕು. ಯಂತ್ರಕ್ಕೂ ಅದೇ ನಿಯಮ. ರೋಪ್ ಇಲ್ಲದೆ ನಿಲ್ಲಲಾರದ ಇಳಿಜಾರಿಗೆ ರೋಪ್ ಇದೆ ಎಂದು ಇಳಿಯಬಾರದು.

ಸ್ವಲ್ಪ ಲೆಕ್ಕ ನೋಡಿ. 30 ಟನ್ ಯಂತ್ರ 30 ಡಿಗ್ರಿ ಇಳಿಜಾರಿನಲ್ಲಿ ನಿಂತರೆ ಅದನ್ನು ಕೆಳಕ್ಕೆ ಜಗ್ಗುವ ಬಲ 15 ಟನ್. ನಿಂತಾಗ, ಚಕ್ರದ ಬದಲು ಯಂತ್ರ ಓಡುವ ಚೈನಿನ ಪಟ್ಟಿಗಳು ಮಣ್ಣಿಗೆ ಕಚ್ಚಿಕೊಂಡು ಅದನ್ನು ತಡೆಯುತ್ತವೆ. ಕಷ್ಟ ಬರುವುದು ಏರು ಹತ್ತುವಾಗ, ತಿರುಗುವಾಗ, ಮಳೆ ಬಿದ್ದ ಮಣ್ಣಿನಲ್ಲಿ. ಚೈನ್ ಸುಮ್ನೆ ತಿರುಗಿ ಮಣ್ಣು ಕಿತ್ತು ಹಾಕುತ್ತದೆ, ಹಿಡಿತ ಹೋಗುತ್ತದೆ. ಆಗ ರೋಪ್ ಮೇಲಿನಿಂದ ಒಂದಷ್ಟು ಟನ್ ಜಗ್ಗಿಕೊಟ್ಟರೆ ಚೈನ್ ಜಾರುವುದಿಲ್ಲ. ಮಣ್ಣೂ ಉಳಿಯುತ್ತದೆ. ಇನ್ನೊಂದು ಮಾತು, ಅವರು ಇಳಿಜಾರನ್ನು ಶೇಕಡಾ ಲೆಕ್ಕದಲ್ಲೂ ಹೇಳುತ್ತಾರೆ. ಶೇ. 100 ಅಂದರೆ 90 ಡಿಗ್ರಿ ಅಲ್ಲ, 45. ನಾನು ಊಟದ ಹೊತ್ತಿನವರೆಗೂ ತಪ್ಪು ತಿಳಿದುಕೊಂಡಿದ್ದೆ.

ಹಾಗಂತ ಹೆದರಿಕೆಯೇ ಬೇಡ ಅನ್ನುತ್ತಿಲ್ಲ. ನಿಮಗೆ ರೋಪಿನ ಭಯ, ನನಗೆ ಅದರ ಮೇಲಿನ ತುದಿಯ ಭಯ. ಗುಡ್ಡದ ನೆತ್ತಿಯಲ್ಲಿ ಒಂದು ಬುಲ್ಡೋಜರ್ ಅಥವಾ ಎಕ್ಸ್‌ಕವೇಟರ್ ನಿಂತಿರುತ್ತದೆ. ಬ್ಲೇಡನ್ನೋ ಬಕೆಟ್ಟನ್ನೋ ಮಣ್ಣಿಗೆ ಹೂತು ಊರಿಕೊಂಡಿರುತ್ತದೆ. ವಿಂಚಿನ ಡ್ರಮ್ ಅದರ ಮೇಲೆ. ಅದರಲ್ಲಿ ಆಪರೇಟರ್ ಇಲ್ಲ. ಕೆಳಗಿನ ಯಂತ್ರದಲ್ಲಿ ಕೂತವನೇ ರೇಡಿಯೋ ರಿಮೋಟಿನಿಂದ ನಡೆಸುತ್ತಾನೆ. ಮಣ್ಣು ಸಡಿಲವಾಗಿ ಆ ಮೇಲಿನದು ಒಂದಿಷ್ಟು ಸರಿದರೂ ಕೆಳಗೆ ಕ್ಯಾಬಿನ್ನಿನಲ್ಲಿ ಅಲಾರಂ ಹೊಡೆಯಬೇಕು. ಹೊಡೆದರೆ ಕೆಲಸ ಬಂದ್. ಎಲ್ಲ ಯಂತ್ರಗಳೂ ಹೀಗೇ ಇರುವುದಿಲ್ಲ. ಅದೇ ದೇಶದ ರೊಟೊರುವಾದಲ್ಲಿ ಮಾಡುವ ಟ್ರಾಕ್ಷನ್‌ಲೈನ್ ಎಂಬ ಯಂತ್ರಕ್ಕೆ ಎರಡು ರೋಪ್. ನೆಲ್ಸನ್‌ನಲ್ಲಿ ಹುಟ್ಟಿದ ಕ್ಲೈಂಬ್‌ಮ್ಯಾಕ್ಸ್ ಎಂಬುದಕ್ಕೆ ವಿಂಚ್ ತನ್ನ ಹೊಟ್ಟೆಯೊಳಗೇ ಇದೆ.

ಇನ್ನು ರೋಪ್ ಹರಿಯುವುದು ಸುಮ್ಮನೆ ಜಗ್ಗುವುದರಿಂದಲ್ಲ. ನೇರ ಬಂದರೆ ಅದು ಬಹಳ ತಾಳುತ್ತದೆ. ಮರದ ಬೊಡ್ಡೆಗೆ ಸುತ್ತಿ ಬಾಗಿದರೆ, ಬಂಡೆಗೆ ಉಜ್ಜಿದರೆ ಎಳೆ ಎಳೆಯಾಗಿ ಸಾಯುತ್ತದೆ. ಇದಕ್ಕಿಂತ ಕೆಟ್ಟದ್ದು ಜರ್ಕ್. ರೋಪ್ ಬೊಡ್ಡೆಗೆ ಒರಗಿರುತ್ತದೆ, ಬೊಡ್ಡೆ ಕಿತ್ತುಬರುತ್ತದೆ, ಒಮ್ಮೆಲೇ ರೋಪ್ ಸಡಿಲ, ಯಂತ್ರ ಜಾರಿ ಮತ್ತೆ ಧಡ್ ಎಂದು ಬಿಗಿ. ಸ್ಕ್ರೀನಿನಲ್ಲಿ ತೋರಿಸುವ ರೋಪಿನ ಟೆನ್ಷನ್ (ಬಿಗಿತ) ಆ ಕ್ಷಣದಲ್ಲಿ ಎಲ್ಲಿಗೆ ಹಾರುತ್ತದೋ. ಅದಕ್ಕೇ ಇಳಿಯಲಿ, ಏರಲಿ, ವಿಂಚ್ ತಾನಾಗಿಯೇ ರೋಪ್ ಬಿಡುತ್ತಾ ಸುತ್ತುತ್ತಾ ಒಂದೇ ಬಿಗಿಯಲ್ಲಿ ಇಟ್ಟುಕೊಂಡಿರುತ್ತದೆ.

ನಾವು ವೈಂಡರ್ ನಿಧಾನಕ್ಕೆ ಓಡಿಸಿ ರೋಪಿನ ಮೇಲೆ ಕಾಟನ್ ವೇಸ್ಟ್ ಹಿಡಿಯುತ್ತಿದ್ದೆವು. ತುಂಡಾದ ತಂತಿ ಇದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಕ್ಯಾಪಿಂಗ್, ಅಂದರೆ ಕೇಜಿಗೆ ಕಟ್ಟುವ ತುದಿಯ ಜೋಡಣೆ. ಅಲ್ಲಿಯೂ ತುದಿ ಕತ್ತರಿಸುವ ಪದ್ಧತಿ ಇದೆ ಅಂತ ಕೇಳಿ ನನಗೆ ಸಮಾಧಾನವಾಯಿತು. ರೋಪ್ ನೋಡುವವರು ಎಲ್ಲಾ ಕಡೆ ಒಂದೇ ಜಾತಿ!

ಇಷ್ಟೆಲ್ಲ ಯಾಕೆ ಅಂದರೆ, ಅಲ್ಲಿ ಮೊದಲು ಇಂಥ ಇಳಿಜಾರಿನಲ್ಲಿ ಚೈನ್‌ಸಾ ಹಿಡಿದು ಮನುಷ್ಯರೇ ಇಳಿಯುತ್ತಿದ್ದರು. 2013 ಒಂದೇ ವರ್ಷದಲ್ಲಿ ಆ ದೇಶದ ಕಾಡಿನ ಕೆಲಸದಲ್ಲಿ 10 ಜನ ಸತ್ತರು. ಕಬ್ಬಿಣದ ಕ್ಯಾಬಿನ್ನಿನಲ್ಲಿ ಬೆಲ್ಟ್ ಹಾಕಿ ಕೂರುವುದು ಅದಕ್ಕಿಂತ ಎಷ್ಟೋ ವಾಸಿ.

ಸಂಡೂರಿನ ಅನುಭವ ಸಾಕಾ ಅಂದರೆ, ಕೈ ಸಾಕು, ಕಣ್ಣು ಸಾಲದು. ಗಣಿಯಲ್ಲಿ ನಾವು ಗುಡ್ಡವನ್ನು ಮೆಟ್ಟಿಲಿನ ಹಾಗೆ ಬೆಂಚ್ ಬೆಂಚ್ ಮಾಡಿ ಮಟ್ಟಸ ಜಾಗದಲ್ಲಿ ಯಂತ್ರ ನಿಲ್ಲಿಸುತ್ತೇವೆ. ಅಲ್ಲಿ ಓರೆಯಲ್ಲೇ ನಿಂತು, ಬೂಮ್ (ಯಂತ್ರದ ತೋಳು) ಚಾಚಿ, ಮರ ಹಿಡಿದು ತಿರುಗಬೇಕು. ಆಗ ಭಾರ ಯಾವ ಕಡೆ ವಾಲುತ್ತದೆ ಅನ್ನುವುದನ್ನು ಮೊದಲಿನಿಂದ ಕಲಿಯಬೇಕು.

ಹೋಗಿ. ಆದರೆ ಕರೆದವರಿಗೆ ಸಂಬಳ ಕೇಳುವ ಮೊದಲು ಮೂರು ಪ್ರಶ್ನೆ ಹಾಕಿ: ಮೇಲಿನ ಯಂತ್ರ ಸರಿದರೆ ಅಲಾರಂ ಇದೆಯಾ, ರೋಪ್ ದಿನಾ ಯಾರು ನೋಡುತ್ತಾರೆ, "ಈ ಇಳಿಜಾರು ಬೇಡ" ಎಂದು ಆಪರೇಟರ್ ಹೇಳಿದರೆ ನಡೆಯುತ್ತದಾ. ಮೂರನೆಯದಕ್ಕೆ ತಡವರಿಸಿದರೆ ಸಂಡೂರೇ ಇರಲಿ.