ಜ್ಯಾಕ್ ಆಂಥನಿ ಮೂರು ಸಲ ಗ್ರ್ಯಾಂಡ್ ನ್ಯಾಷನಲ್ ಗೆದ್ದದ್ದು ಬರಿಯ ಅದೃಷ್ಟದಿಂದಲೇ?

1911ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ (ಇಂಗ್ಲೆಂಡಿನಲ್ಲಿ ನಡೆಯುವ, ತಡೆಗಳನ್ನು ಹಾರಿ ದಾಟುವ ಕುದುರೆ ಓಟ) ಮಿಕ್ಕ ಕುದುರೆಗಳೆಲ್ಲ ಬಿದ್ದದ್ದರಿಂದಲೇ ವೇಲ್ಸ್ ಮೂಲದ ಸವಾರ ಜ್ಯಾಕ್ ಆಂಥನಿ ಗೆದ್ದ, 1915ರಲ್ಲಿ ಅವನನ್ನು ಅಣ್ಣ ಉಳಿಸಿದ, 1920ರಲ್ಲಿ ಗೆದ್ದದ್ದು ಕುದುರೆಯೇ ಹೊರತು ಜಾಕಿಯಲ್ಲ. ಹಾಗಾದರೆ ಅವನನ್ನು ದೊಡ್ಡ ಸವಾರನೆಂದು ಏಕೆ ಎಣಿಸಬೇಕು ಎಂದು ನೀವು ಕೇಳಿದ್ದೀರಿ. ನೀವು ಹೇಳಿರುವ ಸಂಗತಿಗಳು ಬಹುಮಟ್ಟಿಗೆ ನಿಜ. ಆದರೆ ಅವುಗಳಿಂದ ನೀವು ತಲುಪಿರುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರು ಮೈಸೂರುಗಳಲ್ಲಿ ನಾವು ನೋಡಿ ಬಲ್ಲ ರೇಸು ಸಮತಟ್ಟಾದ ಹುಲ್ಲಿನ ಮೇಲಿನ ಓಟ. ಲಿವರ್‌ಪೂಲ್ ಸಮೀಪದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ನ ಬಗೆಯೇ ಬೇರೆ. ಅಂದಿನ ಓಟದ ದೂರ ಸುಮಾರು ನಾಲ್ಕೂವರೆ ಮೈಲಿ, ದಾಟಬೇಕಾದ ತಡೆಗಳು ಮೂವತ್ತು. ಅಂಥ ಓಟದಲ್ಲಿ ಜೀನಿನ ಮೇಲೆ ಕೊನೆಯವರೆಗೂ ಉಳಿಯುವುದು ಸವಾರಿಕೆಯ ಜೊತೆಗೆ ಅಕಸ್ಮಾತ್ತಾಗಿ ಒದಗುವ ಸಂಗತಿಯಲ್ಲ; ಸವಾರಿಕೆಯ ಬಹುಪಾಲು ಅದೇ.

1911ರ ಓಟದಲ್ಲಿ ಹೊರಟದ್ದು 26 ಕುದುರೆಗಳು, ಕೊನೆ ಮುಟ್ಟಿದ್ದು ನಾಲ್ಕೇ. ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳಿಗೆ ಬಂದವು ನಡುವೆ ಬಿದ್ದು, ಸವಾರರು ಮತ್ತೆ ಹತ್ತಿ ಓಡಿಸಿದ ಕುದುರೆಗಳು. ಮಳೆಗೆ ನೆಲವೆಲ್ಲ ಕೆಸರಾಗಿದ್ದ ಆ ದಿನ ಒಮ್ಮೆಯೂ ಬೀಳದೆ ಬಂದದ್ದು ಆಂಥನಿಯ ಕುದುರೆ ಗ್ಲೆನ್‌ಸೈಡ್ ಒಂದೇ. ಇದನ್ನು ಅದೃಷ್ಟವೆಂದು ಕರೆಯುವ ಮೊದಲು ಆ ಕುದುರೆ ಎಂಥದ್ದೆಂದು ನೋಡಬೇಕು. ಅದಕ್ಕೆ ಒಂದೇ ಕಣ್ಣು. ಅದರ ಉಸಿರಿನ ಬಲದ ಬಗ್ಗೆಯೂ ಅನುಮಾನವಿತ್ತು. ಒಂದು ಪಕ್ಕ ಕಾಣದ ಕುದುರೆಯನ್ನು ಮುಗ್ಗರಿಸುವ, ಅಡ್ಡ ಬರುವ, ಸವಾರರಿಲ್ಲದೆ ದಿಕ್ಕೆಟ್ಟು ಓಡುವ ಕುದುರೆಗಳ ನಡುವೆ ಮೂವತ್ತು ಬಾರಿ ಸರಿಯಾದ ಜಾಗದಲ್ಲಿ ಹಾರಿಸುವುದು, ಅದೂ ಕೆಸರಿನಲ್ಲಿ ಅದರ ದಮ್ಮು ಕೊನೆಯವರೆಗೆ ಉಳಿಯುವಂತೆ ಲಗಾಮು ಹಿಡಿದು ಓಡಿಸುವುದು, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನಿಗೆ ಸಣ್ಣ ಕೆಲಸವೇನಲ್ಲ. ಉಳಿದವು ಬೀಳದಿದ್ದರೆ ಗ್ಲೆನ್‌ಸೈಡ್ ಗೆಲ್ಲುತ್ತಿರಲಿಲ್ಲ ಎನ್ನುವುದು ಸರಿಯೇ. ಆದರೆ ಬೀಳುವಿಕೆ ಆ ಓಟದ ನಿಯಮದಂತೆಯೇ ಇದ್ದಾಗ, ಬೀಳದಂತೆ ಓಡಿಸಿದವನ ಪಾಲನ್ನು ಕಡಿಮೆ ಮಾಡುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

1915ರ ಗೆಲುವಿನಲ್ಲಿ ಅದೃಷ್ಟದ ಪಾಲು ಹೆಚ್ಚು ಎಂಬುದನ್ನು ನಾನೂ ಒಪ್ಪುತ್ತೇನೆ. ಆಬ್ರಿ ಹೇಸ್ಟಿಂಗ್ಸ್ ತರಬೇತುಗೊಳಿಸಿದ್ದ ಆಲಿ ಸ್ಲೋಪರ್ ಎಂಬ ಕುದುರೆ ಎರಡನೆಯ ತಡೆಯಲ್ಲೇ ಎಡವಿ ಆಂಥನಿ ಕುದುರೆಯ ಕತ್ತಿನ ಮೇಲಕ್ಕೆ ಜಾರಿದನೆಂದೂ, ಅದೇ ಓಟದಲ್ಲಿ ಪಕ್ಕದಲ್ಲಿದ್ದ ಅಣ್ಣ ಐವರ್ ಅವನನ್ನು ಎಳೆದು ಮತ್ತೆ ಜೀನಿಗೆ ಸೇರಿಸಿದನೆಂದೂ ಹೇಳುತ್ತಾರೆ. ಸ್ವಂತ ಅಣ್ಣನೇ ಎದುರಾಳಿಯಾಗಿ ಪಕ್ಕದಲ್ಲಿರುವುದು ಯಾರ ಹಣೆಯಲ್ಲೂ ಬರೆದಿರುವ ಮಾತಲ್ಲ. ಅಂದಹಾಗೆ ಆ ಕುದುರೆಯ ಒಡತಿ ಲೇಡಿ ನೆಲ್ಸನ್. ಗ್ರ್ಯಾಂಡ್ ನ್ಯಾಷನಲ್ ಗೆದ್ದ ಕುದುರೆಯೊಂದರ ಒಡೆತನ ಮಹಿಳೆಯದಾಗಿದ್ದದ್ದು ಅದೇ ಮೊದಲು. ಮಾರನೆಯ ವರ್ಷದಿಂದ ಯುದ್ಧದ ಕಾರಣ ಏಂಟ್ರಿಯಲ್ಲಿ ಓಟ ನಿಂತು, ಬದಲಿ ಓಟಗಳು ಗ್ಯಾಟ್‌ವಿಕ್‌ನಲ್ಲಿ ನಡೆದವು. ಆಂಥನಿಗೆ ಆಗ ಇಪ್ಪತ್ತೈದರ ಪ್ರಾಯ. ಸವಾರನೊಬ್ಬನ ಅತ್ಯುತ್ತಮ ವರ್ಷಗಳು ಹೀಗೆ ಕಳೆದುಹೋದದ್ದನ್ನೂ ಅದೃಷ್ಟದ ಲೆಕ್ಕದಲ್ಲಿ ಸೇರಿಸಬೇಕಲ್ಲವೇ?

1920ರ ಟ್ರಾಯ್‌ಟೌನ್ ಐರ್ಲೆಂಡಿನ ಕುದುರೆ. ಹಿಂದಿನ ವರ್ಷವಷ್ಟೇ ಪ್ಯಾರಿಸ್ಸಿನ ಓಟೈ ಮೈದಾನದಲ್ಲಿ ಅಲ್ಲಿನ ಅತಿ ದೊಡ್ಡ ಸ್ಟೀಪಲ್‌ಚೇಸನ್ನು, ಅಂದರೆ ತಡೆ ಹಾರುವ ಓಟವನ್ನು, ಗೆದ್ದಿದ್ದ ದೈತ್ಯ. ನೆಲ ಮತ್ತೆ ಒದ್ದೆಯಾಗಿದ್ದ ಆ ದಿನ 24 ಕುದುರೆಗಳಲ್ಲಿ ಐದು ಮಾತ್ರ ಕೊನೆ ಮುಟ್ಟಿದವು. ಟ್ರಾಯ್‌ಟೌನ್ ಒಂದು ಬೇಲಿಯನ್ನು ಹಾರುವ ಬದಲು ಸೀಳಿಕೊಂಡೇ ನುಗ್ಗಿಯೂ ಹನ್ನೆರಡು ಕುದುರೆಯುದ್ದದಷ್ಟು ಮುಂದೆ ಬಂದು ಗೆದ್ದಿತು. ಇಲ್ಲಿ ಜಾಕಿ ಮಾಡಿದ್ದು ಏನೂ ಇಲ್ಲ ಎನ್ನುವುದು ನಿಮ್ಮ ವಾದ. ಕೆಲವು ಕುದುರೆಗಳ ಮೇಲೆ ಕೂತಾಗ ಕೈ ಕಟ್ಟಿಕೊಂಡಿರಬೇಕಾದ ಹೊತ್ತು ಬರುತ್ತದೆ. ತನ್ನದೇ ಓಟ ಓಡುತ್ತಿರುವ ಬಲಿಷ್ಠ ಪ್ರಾಣಿಯೊಂದಿಗೆ ಲಗಾಮಿನಲ್ಲಿ ಜಗಳಕ್ಕಿಳಿದರೆ ಅದು ಹಾರುವ ಲೆಕ್ಕವನ್ನೇ ತಪ್ಪುತ್ತದೆ. ಗ್ಲೆನ್‌ಸೈಡನ್ನು ಜತನದಿಂದ ಕಾಯ್ದುಕೊಂಡು ಬಂದ ಸವಾರನೇ ಟ್ರಾಯ್‌ಟೌನನ್ನು ಅದರ ಪಾಡಿಗೆ ಬಿಟ್ಟ ಎಂಬುದರಲ್ಲಿ ನನಗೆ ಅವನ ವಿವೇಕ ಕಾಣುತ್ತದೆ. ಪಾಪ, ಆ ಕುದುರೆ ಅದೇ ವರ್ಷ ಓಟೈನಲ್ಲಿ ಓಡುವಾಗ ಗಾಯಗೊಂಡು ಸತ್ತಿತು.

ನೀವು ಮೂರು ಗ್ರ್ಯಾಂಡ್ ನ್ಯಾಷನಲ್‌ಗಳನ್ನಷ್ಟೇ ನೋಡಿರುವುದರಿಂದ ಈ ಅನುಮಾನ ಹುಟ್ಟಿದೆ ಎಂದು ನನಗೆ ತೋರುತ್ತದೆ. ವರ್ಷಕ್ಕೊಮ್ಮೆ ನಡೆಯುವ ಒಂದು ಓಟದಲ್ಲಿ ಅದೃಷ್ಟ ಕೈ ಹಿಡಿಯಬಹುದು. ಚಿಕ್ಕಪುಟ್ಟ ಮೈದಾನಗಳಲ್ಲಿ ವರ್ಷವಿಡೀ ಗೆದ್ದು ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವುದು ಅದೃಷ್ಟದಿಂದ ಆಗುವ ಕೆಲಸವಲ್ಲ. ಆಂಥನಿ 1914ರಲ್ಲಿಯೂ 1922ರಲ್ಲಿಯೂ ಬ್ರಿಟನ್ನಿನ ಚಾಂಪಿಯನ್ ಜಂಪ್ ಜಾಕಿಯಾಗಿದ್ದ, ಅಂದರೆ ತಡೆ ಹಾರುವ ಓಟಗಳಲ್ಲಿ ಆ ವರ್ಷ ಅತಿ ಹೆಚ್ಚು ಗೆದ್ದ ಸವಾರ. 1914ರ ಸಾಧನೆ ನನಗೆ ಹೆಚ್ಚು ದೊಡ್ಡದೆನಿಸುತ್ತದೆ, ಏಕೆಂದರೆ ಆಗ ಅವನು ಹವ್ಯಾಸಿ. ಅಂದಿನ ರೇಸ್ ಪಟ್ಟಿಗಳಲ್ಲಿ ಹವ್ಯಾಸಿಗಳ ಹೆಸರಿನ ಮುಂದೆ ಮಾತ್ರ ಮಿಸ್ಟರ್ ಎಂದು ಅಚ್ಚಾಗುತ್ತಿತ್ತು, ಸವಾರಿಗೆ ಅವರು ಸಂಭಾವನೆ ಪಡೆಯುವಂತಿರಲಿಲ್ಲ. ಸವಾರಿಯೇ ಅನ್ನವಾಗಿದ್ದ ವೃತ್ತಿಪರರನ್ನೆಲ್ಲ ಹಿಂದಿಕ್ಕಿ ವೇಲ್ಸ್‌ನ ಕಾರ್ಮಾರ್ಥನ್‌ಶೈರ್ ಕಡೆಯಿಂದ ಬಂದ ಈ ಹವ್ಯಾಸಿ ಮೊದಲ ಸ್ಥಾನಕ್ಕೇರಿದ. ಮೂರು ಗ್ರ್ಯಾಂಡ್ ನ್ಯಾಷನಲ್‌ಗಳನ್ನೂ ಅವನು ಗೆದ್ದದ್ದು ಹವ್ಯಾಸಿಯಾಗಿಯೇ, ವೃತ್ತಿಪರನಾದದ್ದು 1921ರಲ್ಲಿ.

ಆ ಕಾಲದಲ್ಲಿ ಹೀಗೆ ವರ್ಷಗಟ್ಟಲೆ ಓಡಿಸಿ ಮೈ ಉಳಿಸಿಕೊಳ್ಳುವುದೂ ಸುಲಭವಿರಲಿಲ್ಲ. 1923ರ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಕ್ಯಾಪ್ಟನ್ ಬೆನೆಟ್ ಎಂಬ ಮತ್ತೊಬ್ಬ ಹವ್ಯಾಸಿ ಆ ವರ್ಷದ ಕೊನೆಗೆ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಸವಾರರು ತಲೆಗೆ ರಕ್ಷಣೆಯ ಟೋಪಿ ಧರಿಸಲೇಬೇಕೆಂಬ ನಿಯಮ ಬಂದದ್ದು ಆ ಸಾವಿನ ನಂತರ. ಆಂಥನಿಯ ಮೂರು ಗೆಲುವುಗಳೂ ಅದಕ್ಕಿಂತ ಹಿಂದಿನವು.

ಇನ್ನು ಅದೃಷ್ಟವನ್ನು ತೂಗುವುದಾದರೆ ಅವನು ಕಳೆದುಕೊಂಡದ್ದನ್ನೂ ತಕ್ಕಡಿಗೆ ಹಾಕಿ. 1925 ಮತ್ತು 1926ರಲ್ಲಿ ಓಲ್ಡ್ ಟೇ ಬ್ರಿಡ್ಜ್ ಎಂಬ ಕುದುರೆಯ ಮೇಲೆ ಅವನು ಎರಡೂ ಬಾರಿ ಎರಡನೆಯವನಾದ. ಸವಾರಿ ಬಿಟ್ಟು ಟ್ರೇನರ್ ಆದ ಮೇಲೆ ಅವನ ಲಾಯಕ್ಕೆ ಬಂದದ್ದು ಅಮೆರಿಕದ ಶ್ರೀಮಂತ ಜಾನ್ ಹೇ ವಿಟ್ನಿಯ ಈಸ್ಟರ್ ಹೀರೋ. ಇದೇ ಕುದುರೆ 1928ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕೆನಾಲ್ ಟರ್ನ್ ಎಂಬ ತಿರುವಿನ ಬೇಲಿಯ ಬಳಿ ಸಿಕ್ಕಿಕೊಂಡು ಹಿಂದೆ ಬರುತ್ತಿದ್ದವನ್ನೆಲ್ಲ ಅಸ್ತವ್ಯಸ್ತಗೊಳಿಸಿತ್ತು. ಆಂಥನಿಯ ಕೈಯಲ್ಲಿ ಅದು 1929ರಲ್ಲೂ 1930ರಲ್ಲೂ ಚೆಲ್ಟ್‌ನಮ್ ಗೋಲ್ಡ್ ಕಪ್ ಎಂಬ ಮತ್ತೊಂದು ದೊಡ್ಡ ತಡೆ ಓಟವನ್ನು ಗೆದ್ದಿತು. 1929ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 66 ಕುದುರೆಗಳ ನಡುವೆ, 12 ಸ್ಟೋನ್ 7 ಪೌಂಡ್, ಅಂದರೆ ಸುಮಾರು 79 ಕಿಲೊ ಭಾರ ಹೊತ್ತು ಬಹುದೂರ ಮುಂದೆ ಓಡಿದ ಈಸ್ಟರ್ ಹೀರೋನ ಲಾಳ ತಿರುಚಿಕೊಂಡು, ಒಂದಕ್ಕೆ ನೂರರ ಬಾಜಿಯಿದ್ದ ಗ್ರೆಗಲಾಕ್‌ಗೆ ಗೆಲುವು ಹೋಯಿತು. ಸವಾರರಾಗಿ ಈ ಓಟವನ್ನು ಒಮ್ಮೆಯೂ ಗೆಲ್ಲದ ಅವನ ಅಣ್ಣಂದಿರು ಟ್ರೇನರ್‌ಗಳಾಗಿ ಗೆದ್ದರು: ಓವನ್ 1922ರಲ್ಲಿ ಮ್ಯೂಸಿಕ್ ಹಾಲ್ ಎಂಬ ಕುದುರೆಯಿಂದ, ಐವರ್ 1933ರಲ್ಲಿ ಕೆಲ್ಸ್‌ಬರೋ ಜ್ಯಾಕ್‌ನಿಂದ ಮತ್ತು 1937ರಲ್ಲಿ ರಾಯಲ್ ಮೇಲ್‌ನಿಂದ. ಜ್ಯಾಕ್‌ಗೆ ಟ್ರೇನರ್ ಆಗಿ ಅದು ಕೊನೆಗೂ ದಕ್ಕಲಿಲ್ಲ.