ರಿಪೋರ್ಟಿನಲ್ಲಿ ಪಶುವೈದ್ಯೆ ಅಂತ ಬಂದಿಲ್ಲ, ಆಸೆ ಬಿಡಬೇಕಾ?

*ನಾನು ಹತ್ತನೇ ತರಗತಿ. ಚಿಕ್ಕವಳಿದ್ದಾಗಿನಿಂದ ಪಶುವೈದ್ಯೆ ಆಗ್ತೀನಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೋದ ತಿಂಗಳು ಶಾಲೆಯಲ್ಲಿ ಕೆರಿಯರ್ ಟೆಸ್ಟ್ ಮಾಡಿಸಿದರು. ‘ಸಾಮಾಜಿಕ’ ಅನ್ನೋದಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ ಬಂದಿದೆ. ಕೆಳಗೆ ಟೀಚರ್, ನರ್ಸ್, ಕೌನ್ಸೆಲರ್ ಅಂತ ಪಟ್ಟಿ ಇದೆ. ಪಶುವೈದ್ಯೆ ಇಲ್ಲ. ಅಪ್ಪ ಅದನ್ನು ನೋಡಿ, ‘ಸದ್ಯ, ಇನ್ನು ಆ ಹುಚ್ಚು ಬಿಡು, ಕಂಪ್ಯೂಟರ್ ತಗೋ’ ಅಂದರು. ಬಯಾಲಜಿಯಲ್ಲಿ ಒಳ್ಳೆ ಅಂಕ ಬರುತ್ತದೆ, ಗಣಿತ ಮಾತ್ರ ಅಷ್ಟಕ್ಕಷ್ಟೇ. ಏನು ಮಾಡಲಿ?*
*– ಹೆಸರು ಬೇಡ*

ಬಿಡುವ ಮಾತು ಆಮೇಲೆ. ಮೊದಲು ಆ ರಿಪೋರ್ಟ್ ನೋಡೋಣ. ಅದರಲ್ಲಿ ಆರು ಗುಂಪು ಇದ್ದಿರಬೇಕು, ಅಲ್ವಾ? ಕೈಕೆಲಸ ಇಷ್ಟಪಡುವವರು, ಕಾರಣ ಹುಡುಕುವವರು, ಕಲೆಯವರು, ಜನರ ಜೊತೆ ಬೆರೆಯುವವರು, ಮುಂದೆ ನಿಂತು ನಡೆಸುವವರು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವವರು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಇಂಥ ಆರರ ವಿಂಗಡಣೆ ಮುಂದಿಟ್ಟರು. ಎಷ್ಟೋ ಟೆಸ್ಟುಗಳಿಗೆ ಇವತ್ತಿಗೂ ಅದೇ ಬುನಾದಿ. ಅವು ಅಳೆಯುವುದು ಆಸಕ್ತಿಯನ್ನು, ಸಾಮರ್ಥ್ಯವನ್ನಲ್ಲ. ‘ಇನ್ನೊಬ್ಬರಿಗೆ ಸಹಾಯ ಮಾಡುವುದು ಇಷ್ಟವಾ?’ ಅಂತ ಕೇಳಿರುತ್ತಾರೆ, ನೀನು ಹೌದು ಅಂದಿರುತ್ತೀಯ. ನೀನು ಹೇಳಿದ್ದನ್ನೇ ಕೂಡಿಸಿ ನಿನಗೇ ವಾಪಸ್ ಕೊಟ್ಟಿದ್ದಾರೆ. ಅದೂ ಅಲ್ಲದೆ, ಹಾಲೆಂಡ್ ಪದ್ಧತಿಯಲ್ಲಿ ಜಾಸ್ತಿ ಬಂದ ಮೂರನ್ನು ಒಟ್ಟಿಗೆ ನೋಡಬೇಕು. ನಿನ್ನ ಎರಡನೆಯದು, ಮೂರನೆಯದು ಯಾವುದು ಅಂತ ನೀನು ಬರೆದೇ ಇಲ್ಲ. ತೆಗೆದು ನೋಡು.

‘ಸಾಮಾಜಿಕ’ ಬಂತು, ಅದಕ್ಕೇ ಪಶುವೈದ್ಯೆ ಆಗುವ ಹಾಗಿಲ್ಲ ಅನ್ನುವುದು ಕೇಳಿ ನಗು ಬಂತು. ಪ್ರಾಣಿ ತಾನಾಗಿ ಎದ್ದು ಡಾಕ್ಟರ ಹತ್ತಿರ ಬರುವುದಿಲ್ಲ. ಯಾವಾಗಿನಿಂದ ತಿಂದಿಲ್ಲ, ಏನು ನುಂಗಿತು, ಔಷಧಿ ಸರಿಯಾಗಿ ಹಾಕಿದಿರಾ ಎಂದು ಕೇಳಬೇಕಾದದ್ದು ಮನುಷ್ಯರನ್ನು. ಕೆಲವರು ಮುಚ್ಚಿಡುತ್ತಾರೆ, ಕೆಲವರು ಗಾಬರಿಯಲ್ಲಿ ಏನೇನೋ ಹೇಳುತ್ತಾರೆ. ಹನ್ನೆರಡು ವರ್ಷ ಸಾಕಿದ ನಾಯಿ ಇನ್ನು ಉಳಿಯುವುದಿಲ್ಲ ಅಂತ ಮನೆಯವರ ಮುಖ ನೋಡಿ ಹೇಳುವುದೂ ಡಾಕ್ಟರೇ. ಜನರ ಜೊತೆ ಮಾತಾಡಲು ಬರುವುದು ಇಲ್ಲಿ ದೊಡ್ಡ ಬಂಡವಾಳ.

ನನಗೆ ಅನುಮಾನ ಇರುವುದು ಬೇರೆ ಕಡೆ. ನಿನಗೆ ಪ್ರಾಣಿ ಇಷ್ಟ, ಸರಿ. ಆ ಕೆಲಸ ಇಷ್ಟವಾ? ಹಸು ಗಬ್ಬವಾಗಿದೆಯಾ ಅಂತ ನೋಡಲು ಭುಜದವರೆಗೆ ಗ್ಲೌಸ್ ಹಾಕಿಕೊಂಡು, ಹಿಂಬದಿಯಿಂದ ಕೈ ಒಳಗೆ ಹಾಕಿ, ಗರ್ಭಕೋಶವನ್ನು ತಡವಿ ನೋಡಬೇಕು. ಹಸು ಸುಮ್ನೆ ನಿಲ್ಲುವುದಿಲ್ಲ, ಸಗಣಿಯೂ ಹಾಕುತ್ತದೆ. ಬಹುತೇಕ ದೇಶಗಳಲ್ಲಿ ಇದು 5–6 ವರ್ಷದ ಓದು. ಒಂದೇ ದೇಹ ಓದಿದರೆ ಸಾಲದು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ, ಕುದುರೆಗೆ ಪಿತ್ತಕೋಶವೇ ಇಲ್ಲ. ಇದನ್ನು ಓದಿ ಅಯ್ಯೋ ಅನ್ನಿಸಿತಾ, ಇನ್ನೂ ತಿಳಿಯಬೇಕು ಅನ್ನಿಸಿತಾ?

ರಜೆಯಲ್ಲಿ ಒಂದು ವಾರ ಪಶು ಆಸ್ಪತ್ರೆಯಲ್ಲಿ ಇರಲು ಅನುಮತಿ ಕೇಳು. ಮೂಲೆಯಲ್ಲಿ ನಿಂತು ನೋಡಿದರೂ ಸಾಕು. ಡಾಕ್ಟರನ್ನು ‘ಈ ಕೆಲಸ ಹೇಗಿದೆ?’ ಅಂತ ಕೇಳಬೇಡ, ಚೆನ್ನಾಗಿದೆ ಅಂದು ಮುಗಿಸುತ್ತಾರೆ. ‘ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದಿರಿ, ಯಾವುದು ಬೇಜಾರಾಯಿತು?’ ಅಂತ ಕೇಳು. ನೋಡಿದ ಮೇಲೆ ಬೇಡ ಅನ್ನಿಸಿದರೆ ಬೇಡ. ಇಷ್ಟು ವರ್ಷ ಹೇಳಿಕೊಂಡು ಬಂದೆನಲ್ಲ ಅನ್ನುವ ಮುಜುಗರಕ್ಕೆ ಯಾರೂ ಐದಾರು ವರ್ಷ ಓದಬಾರದು.

ಗಣಿತದ ವಿಷಯ. ನಾಯಿಯ ತೂಕ 18 ಕಿಲೋ. ಔಷಧಿ ಕಿಲೋಗೆ 2 ಮಿಲಿಗ್ರಾಂ ಕೊಡಬೇಕು. ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇದೆ. ಸಿರಿಂಜಿಗೆ ಎಷ್ಟು ಎಳೆಯಬೇಕು? 3.6 ಮಿಲಿಲೀಟರ್. ದಿನನಿತ್ಯದ ಲೆಕ್ಕ ಹೆಚ್ಚಾಗಿ ಈ ಮಟ್ಟದ್ದು, ಆದರೆ ದಶಮಾಂಶದ ಚುಕ್ಕಿ ಒಂದು ಮನೆ ಆಚೆ ಹೋದರೆ ಹತ್ತು ಪಟ್ಟು ಔಷಧಿ ಒಳಗೆ ಹೋಗುತ್ತದೆ. ಅಷ್ಟಕ್ಕಷ್ಟೇ ಇದ್ದರೆ ಸಾಲದು, ಭಯ ಪಡುವಷ್ಟೂ ಇಲ್ಲ. ಮುಂದಿನ ವರ್ಷ ಬಯಾಲಜಿ ಜೊತೆ ಗಣಿತವನ್ನೂ ತೆಗೆದುಕೊಳ್ಳುವ ಅವಕಾಶ ಇದ್ದರೆ ತೆಗೆದುಕೋ. ನಡುವೆ ಬಿಟ್ಟ ಗಣಿತವನ್ನು ಮತ್ತೆ ಹಿಡಿಯುವುದು ಕಷ್ಟ. ಯಾವ ಕೋರ್ಸಿಗೆ ಯಾವ ವಿಷಯ ಕಡ್ಡಾಯ ಅನ್ನುವುದನ್ನು ಕಾಲೇಜಿನ ಪ್ರವೇಶ ನಿಯಮದಲ್ಲೇ ಓದು. ಸೀನಿಯರ್‌ಗಳ ಬಾಯಿಮಾತು ನಂಬಬೇಡ.

ಇನ್ನು ಅಪ್ಪ. ಕಂಪ್ಯೂಟರ್ ತಗೋ ಅಂದದ್ದರ ಹಿಂದೆ ಯಾವುದೋ ಭಯ ಇದೆ. ಸೀಟು ಸಿಗದಿದ್ದರೆ ಅಂತಲಾ, ಸಂಪಾದನೆ ಸಾಲದು ಅಂತಲಾ, ಹೊತ್ತುಗೊತ್ತಿಲ್ಲದ ಕೆಲಸ ಅಂತಲಾ? ವಾದ ಮಾಡಬೇಡ, ಕೇಳು. ಸೀಟಿನ ಭಯವಾದರೆ ಮೈಕ್ರೋಬಯಾಲಜಿ, ಪ್ರಾಣಿಗಳ ಆಹಾರ ವಿಜ್ಞಾನ, ವನ್ಯಜೀವಿ ಅಧ್ಯಯನ, ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಇವೆ. ನಿನಗೆ ನಿಜವಾಗಿ ಒಪ್ಪಿಗೆಯಾದ ಎರಡನ್ನು ಆರಿಸಿ, ಖರ್ಚು ಮತ್ತು ಪ್ರವೇಶ ಪರೀಕ್ಷೆಯ ವಿವರ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡು. ಸಂಪಾದನೆಯ ಭಯವಾದರೆ, ಆ ಆಸ್ಪತ್ರೆಗೆ ಒಂದು ದಿನ ಅವರನ್ನೂ ಕರೆದುಕೊಂಡು ಹೋಗು. ದುಡ್ಡಿನ ಪ್ರಶ್ನೆಯನ್ನು ಅಪ್ಪನೇ ನೇರವಾಗಿ ಡಾಕ್ಟರಿಗೆ ಕೇಳಲಿ.