ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಇಂಜಿನ್ ಲೈಟ್ ಹತ್ತಿದೆ, ಸೆನ್ಸರ್ ಬದಲಿಸಲೇಬೇಕಾ?

ಆಕ್ಸಿಜನ್ ಸೆನ್ಸರ್ ಈಗಲೇ ತಗೋಬೇಡಿ. ಮೊದಲು ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನ ಪ್ಯಾಕಿಂಗ್ ಬಳೆ ನೋಡಿ, ಆಮೇಲೆ ಸೆನ್ಸರಿನ ವೈರ್ ನೋಡಿ. ನೀವು ಬರೆದದ್ದು ಓದಿದ ಮೇಲೆ ನನಗೆ ಅನುಮಾನ ಇರುವುದು ಪ್ಯಾಕಿಂಗ್ ಮೇಲೆಯೇ.

ನಿಮ್ಮ ಪ್ರಶ್ನೆ ಇಷ್ಟು: ಊರು ಸೇಡಂ, ಗಾಡಿ 2021ರ 350 ಸಿಸಿ ಬೈಕ್, ಬಿಎಸ್6 (ಹೊಗೆಯ ಮಿತಿ ಹೇಳುವ ಸರ್ಕಾರಿ ನಿಯಮ) ಗಾಡಿ. ಕಲಬುರಗಿಗೆ ಬಂದು ಬೆಂಡ್ ಪೈಪ್ ಸಮೇತ ಹೊರಗಿನ ಸೈಲೆನ್ಸರ್ ಹಾಕಿಸಿದಿರಿ. ವಾಪಸ್ ಹೋಗುವಾಗ ಮಳಖೇಡ ಬರುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿತು. ಎಕ್ಸಲೇಟರ್ ಬಿಟ್ಟಾಗ ಪಟ್ ಪಟ್ ಅಂತ ಸದ್ದು, ಮೈಲೇಜ್ ಕಡಿಮೆ. ಒಬ್ಬ ಮಿಸ್ತ್ರಿ ಸೆನ್ಸರ್ ಹೋಗಿದೆ ಅಂದರು, ಇನ್ನೊಬ್ಬರು ಸೆನ್ಸರನ್ನೇ ತೆಗೆದು ಅದರ ಜಾಗಕ್ಕೆ ಸುಳ್ಳು ಸಿಗ್ನಲ್ ಕೊಡುವ ಎಲಿಮಿನೇಟರ್ ಹಾಕು ಅಂದರು. ಯಾರ ಮಾತು ಕೇಳಲಿ ಅಂತ ನೀವು ಕೇಳಿದ್ದೀರಿ.

ನಾನು ಕಲಬುರಗಿ ರಿಂಗ್ ರೋಡಿನ ಹತ್ತಿರ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಕಾರ್ಬುರೇಟರ್ ಗಾಡಿಗಳಲ್ಲಿ ಕೆಲಸ ಕಲಿತವನು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯ ಆದ ಮೇಲೆ ನಮ್ಮ ಕೆಲಸವೇ ಬದಲಾಯಿತು. ಮೊದಲು ಸೈಲೆನ್ಸರ್ ಅಂದರೆ ಬರೀ ಹೊಗೆ ಹೋಗುವ ಕೊಳವೆ. ಈಗ ಆ ಕೊಳವೆಯಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹಾಕಬೇಕು ಅಂತ ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಲೆಕ್ಕ ಹಾಕುವಾಗ ಅದರ ಮಾತನ್ನೂ ಕೇಳುತ್ತದೆ. ಹಾಗಾಗಿ ಪೈಪ್ ಬಿಚ್ಚಿ ಕಟ್ಟುವುದು ಅಂದರೆ ಇಂಜಿನ್ನಿನ ಲೆಕ್ಕಕ್ಕೇ ಕೈ ಹಾಕಿದಂತೆ. ಬೋಲ್ಟ್ ಬಿಗಿ ಆಯಿತಾ ಅಂತ ನೋಡಿ ಕಳಿಸುವ ಕೆಲಸ ಅಲ್ಲ ಅದು.

ಆ ಸೆನ್ಸರ್ ಮಾಡುವ ಕೆಲಸ ಒಂದೇ. ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ನೋಡುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆಕ್ಸಿಜನ್ ಜಾಸ್ತಿ ಉಳಿದಿದ್ದರೆ ಸೆನ್ಸರ್ 0.1 ವೋಲ್ಟ್ ಆಸುಪಾಸು ಕೊಡುತ್ತದೆ. ಉಳಿದಿಲ್ಲ ಅಂದರೆ 0.9 ವೋಲ್ಟ್ ಕಡೆಗೆ ಏರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಈ ಅಂಕಿ ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು. ಒಂದೇ ಕಡೆ ನಿಂತುಬಿಟ್ಟರೆ ಇಸಿಯುಗೆ ಅನುಮಾನ ಬಂದು ಲೈಟ್ ಹಚ್ಚುತ್ತದೆ.

ಈಗ ಪ್ಯಾಕಿಂಗ್ ವಿಷಯ. ಇಂಜಿನ್ನಿನ ಹೆಡ್ಡಿಗೂ ಬೆಂಡ್ ಪೈಪಿಗೂ ನಡುವೆ ಒಂದು ಬಳೆ ಇರುತ್ತದೆ ಅಲ್ವಾ, ಅದು ಸರಿಯಾಗಿ ಕೂರದಿದ್ದರೆ ಹೊಗೆ ಹೊರಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿಂದ ಗಾಳಿ ಒಳಗೂ ಹೋಗುತ್ತದೆ ಅನ್ನುವುದನ್ನು ತುಂಬಾ ಜನ ನಂಬುವುದಿಲ್ಲ. ಕಮ್ಮಾರರ ತಿದಿ ನೋಡಿದ್ದೀರಲ್ಲ, ಒಮ್ಮೆ ಊದುತ್ತದೆ, ಒಮ್ಮೆ ಎಳೆದುಕೊಳ್ಳುತ್ತದೆ. ಸೈಲೆನ್ಸರಿನೊಳಗೂ ಹಾಗೆಯೇ. ಹೊಗೆ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ. ವಾಲ್ವ್ ತೆರೆದಾಗಲೆಲ್ಲ ಒಂದೊಂದು ದಬ್ಬಾಗಿ ಹೋಗುತ್ತದೆ. ದಬ್ಬು ಮುಂದೆ ಹೋದ ಮೇಲೆ ಹಿಂದಿನ ಜಾಗದಲ್ಲಿ ಒತ್ತಡ ಬೀಳುತ್ತದೆ. ಆ ಕ್ಷಣದಲ್ಲಿ ಸಂದಿ ಸಿಕ್ಕರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸ್ಲೋ ಮೇಲೆ ನಿಂತಾಗ ಇದು ಇನ್ನೂ ಜಾಸ್ತಿ.

ಸೆನ್ಸರ್ ಆ ಗಾಳಿಯನ್ನು ನೋಡುತ್ತದೆ. ಆಕ್ಸಿಜನ್ ಬಹಳ ಇದೆ ಅಂತ ಹೇಳುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ತನ್ನ ಮುಂದೆ ಬಂದದ್ದನ್ನೇ ಹೇಳುತ್ತಿದೆ. ಇಸಿಯು ಅದನ್ನು ಕೇಳಿ ಪೆಟ್ರೋಲ್ ಸಾಲುತ್ತಿಲ್ಲ ಅಂತ ತಿಳಿದು ಇನ್ನಷ್ಟು ಸುರಿಯುತ್ತದೆ. ನಿಮ್ಮ ಮೈಲೇಜ್ ಹೋದದ್ದು ಅಲ್ಲಿ. ಎಕ್ಸಲೇಟರ್ ಬಿಟ್ಟಾಗ ಆ ಹೆಚ್ಚಿನ ಪೆಟ್ರೋಲ್ ಉರಿಯದೆ ಪೈಪಿಗೆ ಬರುತ್ತದೆ, ಸಂದಿಯಿಂದ ಗಾಳಿ ಸಿಗುತ್ತದೆ, ಕಾದ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ. ಪಟ್ ಪಟ್ ಅನ್ನುವುದು ಅದೇ. ಇಷ್ಟು ಹಾಕಿದರೂ ಸೆನ್ಸರ್ ಸಾಲದು ಅಂತಲೇ ಹೇಳುತ್ತಿದ್ದರೆ ಕೊನೆಗೆ ಇಸಿಯು ಪಿ0171 ಅನ್ನುವ ಕೋಡ್ ಬರೆದು ಲೈಟ್ ಹಚ್ಚುತ್ತದೆ. ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಂತ.

ಇಲ್ಲಿ ಒಂದು ಒಳ್ಳೆಯ ಗುರುತು ಇದೆ, ದುಡ್ಡು ಖರ್ಚಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಪೆಟ್ರೋಲ್ ನಿಜವಾಗಿಯೂ ಕಡಿಮೆ ಇದ್ದರೆ ಪ್ಲಗ್ ತುದಿ ಬೆಳ್ಳಗೆ ಇರುತ್ತದೆ. ಕೋಡ್ ಪೆಟ್ರೋಲ್ ಕಡಿಮೆ ಅನ್ನುತ್ತಿದೆ, ಆದರೆ ಪ್ಲಗ್ ಮಸಿ ಬಳಿದ ಹಾಗೆ ಕಪ್ಪಗಿದೆ ಅಂದರೆ ಸೆನ್ಸರಿಗೆ ಹೊರಗಿನ ಗಾಳಿ ತಾಗುತ್ತಿದೆ ಅಂತ ತಿಳಿಯಿರಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಸೆನ್ಸರ್ ಮಾರುವುದು ತಪ್ಪು.

ಆ ತಪ್ಪು ನಾನೂ ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಆಳಂದ ಕಡೆಯ ಒಬ್ಬ ಹುಡುಗ ಇಂಥದೇ ತೊಂದರೆ ಅಂತ ಬಂದಿದ್ದ. ಕೋಡ್ ನೋಡಿದೆ, ಸೆನ್ಸರ್ ತರಿಸಿ ಹಾಕಿದೆ, ಲೈಟ್ ಆರಿತು. ಮೂರನೇ ದಿನಕ್ಕೆ ಮತ್ತೆ ಹತ್ತಿತು. ಆಗ ಬೆಂಡ್ ಪೈಪ್ ಇಳಿಸಿ ಟಾರ್ಚ್ ಹಾಕಿದರೆ ಹಳೆಯ ಪ್ಯಾಕಿಂಗ್ ಹೆಡ್ಡಿನೊಳಗೇ ಅಂಟಿಕೊಂಡಿತ್ತು. ಮಸಿ ಹಿಡಿದು ಹೆಡ್ಡಿನ ಬಣ್ಣವೇ ಬಂದಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಪೈಪ್ ಹಾಕಿದವರು ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಎರಡು ಬಳೆ ಒಂದರ ಮೇಲೊಂದು, ಒಂದು ಕಡೆ ಸಂದಿ. ಹಳೆಯದನ್ನು ಕಿತ್ತು ಒಂದೇ ಪ್ಯಾಕಿಂಗ್ ಹಾಕಿದೆ, ಗಾಡಿ ಸರಿಹೋಯಿತು. ಅವನ ಹಳೆಯ ಸೆನ್ಸರನ್ನೇ ಮತ್ತೆ ಹಾಕಿ ನೋಡಿದೆ, ಅದೂ ಚೆನ್ನಾಗಿಯೇ ಇತ್ತು. ಸೆನ್ಸರಿನ ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ತೊಗರಿ ರಾಶಿ ಮಾಡುವ ಕೆಲಸಕ್ಕೆ ಹೋಗಿ ಕೂಡಿಟ್ಟ ದುಡ್ಡು ಅದು. ಪ್ಯಾಕಿಂಗಿನ ಬೆಲೆ ಸೆನ್ಸರಿನ ಮುಂದೆ ಏನೇನೂ ಅಲ್ಲ.

ನೀವು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಮೊದಲು ಹೆಡ್ಡಿನ ಹತ್ತಿರ, ಆಮೇಲೆ ಬೆಂಡ್ ಪೈಪ್ ಸೈಲೆನ್ಸರಿಗೆ ಸೇರುವ ಜಾಗ, ಸೆನ್ಸರ್ ಕೂತಿರುವ ಜಾಗ. ಎಲ್ಲಾದರೂ ಕಪ್ಪು ಗೆರೆ ಹೊರಗೆ ಚಾಚಿದ್ದರೆ ಅಲ್ಲೇ ಲೀಕ್. ಕಾಣದಿದ್ದರೆ ಜಾಯಿಂಟುಗಳ ಮೇಲೆ ಸೋಪಿನ ನೀರು ಹಾಕಿ, ಬ್ಲೋವರಿನಿಂದ ಸೈಲೆನ್ಸರಿನ ಬಾಯಿಗೆ ಗಾಳಿ ಬಿಡಿ. ಸುತ್ತ ಬಟ್ಟೆ ಒತ್ತಿ ಹಿಡಿಯಿರಿ. ನೊರೆ ಎದ್ದ ಕಡೆ ಸಂದಿ ಇದೆ. ಸೆನ್ಸರಿನ ಹಿಂದೆ, ಸೈಲೆನ್ಸರಿನ ಕೊನೆಯಲ್ಲಿ ಸಣ್ಣ ಲೀಕ್ ಇದ್ದರೆ ಸದ್ದು ಕೆಡುತ್ತದೆ ಅಷ್ಟೇ, ಈ ಕೋಡ್ ಸಾಮಾನ್ಯವಾಗಿ ಬರುವುದಿಲ್ಲ. ಸೆನ್ಸರಿಗಿಂತ ಮುಂಚೆ ಇರುವ ಲೀಕನ್ನೇ ಹುಡುಕಬೇಕು.

ಪ್ಯಾಕಿಂಗ್ ಹಾಕುವಾಗ ಎರಡು ನಟ್ಟನ್ನೂ ಸ್ವಲ್ಪ ಸ್ವಲ್ಪ ಸರದಿಯಂತೆ ಬಿಗಿ ಮಾಡಿಸಿ. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಅಂದರೆ ಪೈಪ್ ಓರೆಯಾಗಿ ಕೂರುತ್ತದೆ. ಒಂದು ಸಲ ಗಾಡಿ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿಸಿ, ಹೊಸ ಪ್ಯಾಕಿಂಗ್ ಬಿಸಿಗೆ ಇಳಿದಿರುತ್ತದೆ. ಸಂದಿ ಮುಚ್ಚಲು ಸಿಕ್ಕ ಸಿಲಿಕಾನ್ ಪೇಸ್ಟ್ ಮೆತ್ತಲು ಬಿಡಬೇಡಿ. ಅದರ ಆವಿ ಸೆನ್ಸರಿನ ತುದಿಯನ್ನೇ ಕೆಡಿಸುತ್ತದೆ. ಆಗ ನಿಜವಾಗಿಯೂ ಹೊಸ ಸೆನ್ಸರ್ ಬೇಕಾಗುತ್ತದೆ.

ಪ್ಯಾಕಿಂಗ್ ಸರಿ ಇದೆ ಅಂದರೆ ವೈರ್. ಪೈಪ್ ಇಳಿಸುವಾಗ ಸೆನ್ಸರಿನ ಕಪ್ಲರ್, ಅಂದರೆ ವೈರ್ ಸೇರಿಸುವ ಕೊಂಡಿ, ಬಿಚ್ಚಿರುತ್ತಾರೆ. ಅದು ಟಕ್ ಅಂತ ಕೂತಿದೆಯಾ? ವೈರ್ ಬೆಂಡ್ ಪೈಪಿಗೆ ತಾಗಿ ಕರಗಿದೆಯಾ? ಬಿಚ್ಚುವಾಗ ಸೆನ್ಸರಿನ ಜೊತೆ ವೈರನ್ನೂ ತಿರುವಿ ಒಳಗೆ ತುಂಡಾಗಿದೆಯಾ? ನಾಲ್ಕು ವೈರಿನ ಸೆನ್ಸರಾದರೆ ಅದರಲ್ಲಿ ಒಂದೇ ಬಣ್ಣದ ಎರಡು ಸಾಮಾನ್ಯವಾಗಿ ಹೀಟರಿನವು. ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗದೆ ಕೆಲಸ ಮಾಡುವುದಿಲ್ಲ, ಅದಕ್ಕೆ ಒಳಗೇ ಹೀಟರ್ ಇಟ್ಟಿರುತ್ತಾರೆ. ಕಪ್ಲರ್ ತೆಗೆದು ಆ ಎರಡರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಕೆಲವೇ ಓಮ್ ಬರಬೇಕು. ಏನೂ ಬರದಿದ್ದರೆ ಹೀಟರ್ ಸುಟ್ಟಿದೆ, ಆಗ ಸೆನ್ಸರ್ ಬದಲಿಸುವುದು ನ್ಯಾಯ. ಪಿ0135, ಪಿ0031, ಪಿ0032 ಈ ಹೀಟರಿನ ಕೋಡುಗಳು. ಸೆನ್ಸರ್ ಕೈಜಾರಿ ನೆಲಕ್ಕೆ ಬಿದ್ದಿತ್ತಾ ಅಂತಲೂ ಕೇಳಿ ನೋಡಿ, ಒಳಗಿನ ಪಿಂಗಾಣಿ ಒಡೆದರೂ ಹೊರಗೆ ಗೊತ್ತಾಗುವುದಿಲ್ಲ.

ಇನ್ನೊಂದು, ಬೆಂಡ್ ಪೈಪನ್ನೇ ನೋಡಿ. ಕಡಿಮೆ ಬೆಲೆಯ ಕೆಲವು ಪೈಪುಗಳಲ್ಲಿ ಸೆನ್ಸರ್ ಕೂರಿಸುವ ಬಾಯಿಯೇ ಇರುವುದಿಲ್ಲ. ಅದನ್ನು ಹಾಗೇ ಫ್ರೇಮಿಗೆ ಟ್ಯಾಗ್ ಹಾಕಿ ಕಟ್ಟಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಬರೀ ಗಾಳಿಯಲ್ಲಿ ನೇತಾಡುವ ಸೆನ್ಸರ್ ಇನ್ನೇನು ಹೇಳಬೇಕು? ಬಾಯಿ ಇದ್ದರೂ ಉದ್ದ ಜಾಸ್ತಿಯಾಗಿ ಸೆನ್ಸರಿನ ತುದಿ ಹೊಗೆಗೆ ತಲುಪದೆ ಇರುವುದೂ ಉಂಟು. ಅಂಥ ಪೈಪ್ ಆದರೆ ಅಂಗಡಿಗೆ ವಾಪಸ್ ಕೊಡಿ, ತಿದ್ದಲು ಹೋಗಬೇಡಿ.

ಎಲಿಮಿನೇಟರ್ ಬೇಡ. ಅದು ಇಸಿಯುಗೆ ಸುಳ್ಳು ವೋಲ್ಟೇಜ್ ತೋರಿಸಿ ಲೈಟ್ ಆರಿಸುತ್ತದೆ ಅಷ್ಟೇ. ಲೀಕ್ ಇದ್ದಲ್ಲೇ ಇರುತ್ತದೆ. ಆಮೇಲೆ ಹೊಗೆ ನೋಡಿ ಪೆಟ್ರೋಲ್ ತಿದ್ದುವವರೇ ಇಲ್ಲ. ಗಾಳಿ ಸುಲಭವಾಗಿ ಹೋಗುವ ಪೈಪಿಗೆ ಪೆಟ್ರೋಲ್ ನಿಜವಾಗಿಯೂ ಕಡಿಮೆ ಬಿದ್ದರೆ ಇಂಜಿನ್ ಬಿಸಿ ಏರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಇರುತ್ತದೆ, ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ನಿಗೆ ಅದೇ ಸಾಕಾಗುವಷ್ಟಿದೆ.

ಸ್ಕ್ಯಾನರ್ ಇರುವ ಕಡೆ ಹೋಗಿ ಕೋಡ್ ಓದಿಸುವಾಗ ಬರೀ ನಂಬರ್ ಕೇಳಿ ಬರಬೇಡಿ. ಇಂಜಿನ್ ಬಿಸಿಯಾದ ಮೇಲೆ ಸೆನ್ಸರ್ ವೋಲ್ಟೇಜ್ ಓಡುವುದನ್ನು ತೋರಿಸಿ ಅನ್ನಿ. ಎಕ್ಸಲೇಟರ್ ಜೋರಾಗಿ ಕೊಟ್ಟಾಗ ಏರಿ, ಬಿಟ್ಟಾಗ ಇಳಿದರೆ ಸೆನ್ಸರ್ ಜೀವಂತ ಇದೆ. ಕೋಡ್ ಅಳಿಸುವುದು ಎಲ್ಲ ಆದ ಮೇಲೆ. ಮೊದಲೇ ಅಳಿಸಿದರೆ ಗುರುತೇ ಹೋಗುತ್ತದೆ. ಬ್ಯಾಟರಿ ವೈರ್ ತೆಗೆದಿಡುವುದೂ ಅಷ್ಟೇ. ರಿಪೇರಿ ಆದ ಮೇಲೂ ಲೈಟ್ ತಕ್ಷಣ ಆರದಿದ್ದರೆ ಗಾಬರಿ ಬೇಡ, ಕೆಲವು ಸಲ ಸರಿಯಾಗಿ ಓಡಿದ ಮೇಲೆ ತಾನೇ ಆರುತ್ತದೆ.

ಇದೇ ಪ್ರಶ್ನೆ ಕಾರಿನವರದಾದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದೆ ಇನ್ನೊಂದು ಸೆನ್ಸರ್ ಇರುತ್ತದೆ. ಕನ್ವರ್ಟರ್ ತೆಗೆಸಿದರೆ ಪಿ0420 ಬರುತ್ತದೆ, ಅದನ್ನು ವಾಪಸ್ ಹಾಕಿಸುವುದೇ ಮದ್ದು. ಕಾರಿನಲ್ಲಿ ಲೈಟ್ ಮಿನುಗುತ್ತಿದ್ದರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ, ಬದಿಗೆ ನಿಲ್ಲಿಸಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸದ್ದು, ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ನಿಮ್ಮ ಪೈಪ್ ಆ ಮಿತಿಯೊಳಗೆ ಇದೆಯಾ ಅಂತ ಕೊಟ್ಟವರನ್ನೇ ಕಾಗದ ಕೇಳಿ.

ನಿಮ್ಮ ಹಳೆಯ ಸೈಲೆನ್ಸರ್ ಮಾರಿಲ್ಲ ತಾನೇ? ಮಾರಿಲ್ಲ ಅಂದರೆ ಒಂದು ಹೊಸ ಪ್ಯಾಕಿಂಗ್ ತಂದು, ಈಗಿನ ಸೆನ್ಸರನ್ನೇ ಇಟ್ಟು ಹಳೆಯ ಪೈಪ್ ಕಟ್ಟಿಸಿ, ಕೋಡ್ ಅಳಿಸಿ ಎರಡು ದಿನ ಓಡಿಸಿ. ಲೈಟ್ ಬರಲಿಲ್ಲ ಅಂದರೆ ಸೆನ್ಸರೂ ವೈರೂ ಚೆನ್ನಾಗಿವೆ, ತಪ್ಪು ಹೊಸ ಪೈಪಿನದು ಅಥವಾ ಅದನ್ನು ಕೂರಿಸಿದ್ದರದು. ಆಗಲೂ ಬಂದರೆ ಕೋಡ್ ನಂಬರ್ ಮತ್ತು ಪ್ಲಗ್ಗಿನ ಫೋಟೋ ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳುತ್ತೇನೆ.